ದಾಳಿಂಬೆ ಹೂ ಉದುರಿದರೆ ಮೊದಲು ಸೀಳಿ ನೋಡಿ

ಬಾಗಲಕೋಟೆ, ವಿಜಯಪುರ ಕಡೆಯವರು 'ಹೂ ಉದುರಾಕತ್ತಾವ, ಏನ್ ಹೊಡೀಲಿ?' ಅಂತ ಫೋಟೊ ಹಾಕುವಾಗ ಯಾವ ನಮೂನೆ ಹೂ, ಗಂಡೋ ಕಾಯಿ ಕಟ್ಟುವ ದ್ವಿಲಿಂಗಿಯೋ ಅಂತಲೂ ಬರೆಯಿರಿ. ಅದಿಲ್ಲದೆ ಔಷಧ ಹೇಳೋಕಾಗಲ್ಲ.

ಹೊರಗಿನ ದಪ್ಪ ಕೆಂಪು ಕವಚ ಪುಷ್ಪಪಾತ್ರೆ; ಹಣ್ಣಿನ ತುದಿಯಲ್ಲಿ ಕಿರೀಟವಾಗಿ ಉಳಿಯುವುದು ಇದೇ. ಅದರೊಳಗೆ ಸುಕ್ಕುಸುಕ್ಕಾದ ದಳ, ಆಮೇಲೆ ನೂರಾರು ಕೇಸರ, ಅಂದರೆ ಹೂವಿನ ಗಂಡು ಎಳೆಗಳು. ಕೇಸರದ ತುದಿಯ ಹಳದಿ ಗಂಟು ಪರಾಗ ತುಂಬಿದ ಪರಾಗಕೋಶ.

ನಿಜವಾಗಿ ನೋಡಬೇಕಾದದ್ದು ನಡುವಿನ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ. ಅದರ ತುದಿ ಶಲಾಕಾಗ್ರ, ತುದಿಯನ್ನು ಹೊತ್ತ ಕಡ್ಡಿ ಶಲಾಕಾನಳಿಕೆ, ಬುಡ ಅಂಡಾಶಯ. ಅವತ್ತೇ ಅರಳಿದ ಹೂವನ್ನು ಬ್ಲೇಡಿನಿಂದ ತೊಟ್ಟಿನವರೆಗೆ ಉದ್ದಕ್ಕೆ ಸೀಳಿ. ಬುಡ ಉಬ್ಬಿದ ಹೂದಾನಿ ಆಕಾರ, ಶಲಾಕಾಗ್ರ ಪರಾಗಕೋಶಗಳ ಮಟ್ಟದಲ್ಲೋ ಮೇಲೋ ಇದ್ದರೆ ದ್ವಿಲಿಂಗಿ, ಗಂಡು ಹೆಣ್ಣು ಎರಡೂ ಭಾಗ ಸರಿಯಾಗಿ ಬೆಳೆದ ಹೂ. ಕಾಯಿ ಕಟ್ಟುವುದು ಇದೇ. ಬುಡ ಸಪೂರವಾದ ಗಂಟೆ ಆಕಾರ, ಶಲಾಕಾನಳಿಕೆ ಗಿಡ್ಡವಾಗಿ ಕೇಸರಗಳ ಕೆಳಗೇ ನಿಂತಿದ್ದರೆ ಗಂಡು ಹೂ. ಅದರ ಅಂಡಾಶಯ ಪೂರ್ತಿ ಬೆಳೆದಿರುವುದಿಲ್ಲ, ಉದುರುವುದು ಸಹಜ. ಅದಕ್ಕೆ ಸ್ಪ್ರೇ ಹೊಡೆದರೆ ದುಡ್ಡು ದಂಡ.

ಹಳೇ ಹೂ ಬೇಡ. ಶಲಾಕೆ ಒಣಗಿ ಮುದುಡಿದ್ದರೆ ಗಿಡ್ಡ ಅಂತ ತಪ್ಪು ಲೆಕ್ಕ ಬರುತ್ತದೆ. ಒಂದೇ ಗಿಡದ್ದೂ ಬೇಡ, ಹತ್ತಾರು ಗಿಡಗಳಿಂದ ನೆಲಕ್ಕೆ ಬಿದ್ದದ್ದು, ಗಿಡದಲ್ಲಿದ್ದದ್ದು ಬೇರೆಬೇರೆ ಎಣಿಸಿ. ಬಿದ್ದವುಗಳಲ್ಲಿ ಬುಡ ಉಬ್ಬಿದವೇ ಜಾಸ್ತಿ ಇದ್ದರೆ ಆಗ ನೀರು, ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ), ಜೇನ್ನೊಣದ ಓಡಾಟ ವಿಚಾರಿಸೋಣ.