ಹೋರಾಟವೋ ಸಂಧಾನವೋ: ದಾಳಿಗೊಳಗಾದ ದೇಶದ ಆಯ್ಕೆಯನ್ನು ತೂಗಿ ನೋಡುವ ಬಗೆ

ಯುದ್ಧ ನಿಂತ ಮೇಲಷ್ಟೇ ಮಾತುಕತೆ ಎಂಬ ಕಲ್ಪನೆಯನ್ನು ಮೊದಲು ಬದಿಗಿಡಿ. ಕೊರಿಯಾದಲ್ಲಿ 1951ರ ಜುಲೈಯಲ್ಲಿ ಆರಂಭವಾದ ಮಾತುಕತೆ, ಯುದ್ಧಕೈದಿಗಳನ್ನು ಅವರ ಇಚ್ಛೆಗೆ ವಿರುದ್ಧವಾಗಿ ಮರಳಿಸಬೇಕೇ ಎಂಬ ವಿವಾದದಲ್ಲಿ ಸಿಕ್ಕಿಕೊಂಡಿತು. 1953ರ ಜುಲೈ 27ರ ಕದನವಿರಾಮದವರೆಗೂ ಗುಂಡಿನ ಸದ್ದು ನಿಲ್ಲಲಿಲ್ಲ. ಆದ್ದರಿಂದ ಮಾತನಾಡಬೇಕೇ ಎಂದಲ್ಲ, ಯಾವ ಷರತ್ತಿಗೆ ಸಹಿ ಹಾಕಬಹುದು ಎಂದು ಕೇಳಬೇಕು.

ಷರತ್ತುಗಳನ್ನು ಓದುವಾಗ, ಕೈತಪ್ಪುವ ನೆಲದ ಅಳತೆಗಿಂತ ಮುಂಚೆ, ಸಹಿ ಬಿದ್ದ ಮರುದಿನ ಆ ದೇಶ ತನ್ನನ್ನು ತಾನು ಕಾಪಾಡಿಕೊಳ್ಳಬಲ್ಲದೇ ಎಂಬುದನ್ನು ನೋಡಿ. ಬ್ರಿಟನ್, ಫ್ರಾನ್ಸ್, ಇಟಲಿಗಳು ಜರ್ಮನಿಯೊಡನೆ ಮಾಡಿಕೊಂಡ 1938ರ ಮ್ಯೂನಿಕ್ ಒಪ್ಪಂದದಿಂದ, ದಾಳಿ ನಡೆಯುವ ಮೊದಲೇ, ಚೆಕೊಸ್ಲೊವಾಕಿಯಾ ಗಡಿಭಾಗದ ಸುಡೆಟನ್ ಪ್ರದೇಶವನ್ನಷ್ಟೇ ಅಲ್ಲದೆ ಅಲ್ಲಿದ್ದ ಗಡಿಕೋಟೆಗಳನ್ನೂ ಕಳೆದುಕೊಂಡಿತು. ಆರು ತಿಂಗಳೊಳಗೆ ಜರ್ಮನ್ ಪಡೆ ಪ್ರಾಗ್ ನಗರದಲ್ಲಿತ್ತು. ಫಿನ್ಲೆಂಡಿನ ಕಥೆ ಬೇರೆ. 1939ರ ನವೆಂಬರ್ 30ರಂದು ದಾಳಿ ಆರಂಭಿಸಿದ ಸೋವಿಯತ್ ಒಕ್ಕೂಟ, ಮರುದಿನವೇ ಫಿನ್ನಿಷ್ ಕಮ್ಯುನಿಸ್ಟ್ ನಾಯಕ ಕೂಸಿನೆನ್ ನೇತೃತ್ವದಲ್ಲಿ ಒಂದು ಕೈಗೊಂಬೆ ಸರ್ಕಾರವನ್ನು ಘೋಷಿಸಿ, ಹೆಲ್ಸಿಂಕಿಯ ಸರ್ಕಾರದೊಡನೆ ತನಗೆ ಮಾತೇ ಇಲ್ಲವೆಂಬಂತೆ ನಡೆದುಕೊಂಡಿತು. ಮೂರೂವರೆ ತಿಂಗಳ ಪ್ರತಿರೋಧದ ಬಳಿಕ, 1940ರ ಮಾರ್ಚ್‌ನಲ್ಲಿ, ಅದೇ ಹೆಲ್ಸಿಂಕಿಯೊಡನೆ ಒಪ್ಪಂದ ಮಾಡಿಕೊಂಡಿತು. ಷರತ್ತುಗಳು ಯುದ್ಧಕ್ಕೆ ಮುಂಚಿನ ಬೇಡಿಕೆಗಳಿಗಿಂತ ಕಠೋರವಾಗಿದ್ದವು: ವೀಪುರಿ ನಗರ ಹೋಯಿತು, ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ತೊರೆದರು. ಆದರೂ ಸಂಸತ್ತು ಮತ್ತು ಸೇನೆ ಉಳಿದವು. ಹೋರಾಡಿದ್ದೂ ನಿಲ್ಲಿಸಿದ್ದೂ ಎರಡೂ ಸರಿಯಾಗಿದ್ದವು ಎಂಬುದು ನನ್ನ ಅಭಿಪ್ರಾಯ.

ಮುಂದೆ, ಕೊಟ್ಟ ಮಾತನ್ನು ಶತ್ರು ಮುರಿದರೆ ನೆರವಿಗೆ ಯಾರು ಬರುತ್ತಾರೆ ಎಂಬುದನ್ನು ಒಪ್ಪಂದದ ಪಠ್ಯದಲ್ಲೇ ಹುಡುಕಿ. ಉಕ್ರೇನ್ ತನ್ನಲ್ಲಿದ್ದ ಅಣ್ವಸ್ತ್ರಗಳನ್ನು ಬಿಟ್ಟುಕೊಡಲು ಒಪ್ಪಿದ್ದಕ್ಕೆ ಪ್ರತಿಯಾಗಿ ಸಹಿಯಾದ 1994ರ ಬುಡಾಪೆಸ್ಟ್ ದಸ್ತಾವೇಜು ಉಕ್ರೇನಿನ ಗಡಿಗಳನ್ನು ಗೌರವಿಸುವುದಾಗಿ ಹೇಳಿತ್ತೇ ಹೊರತು, ಅದರ ರಕ್ಷಣೆಗೆ ಸೇನೆ ಕಳಿಸುವ ಬಾಧ್ಯತೆಯನ್ನು ಯಾರ ಮೇಲೂ ಹೊರಿಸಿರಲಿಲ್ಲ. ಸಹಿ ಹಾಕಿದವರಲ್ಲೊಂದಾದ ರಷ್ಯಾವೇ 2014ರಲ್ಲಿ ಕ್ರಿಮಿಯಾವನ್ನು ವಶಪಡಿಸಿಕೊಂಡಿತು.

ಹೋರಾಟದ ಪರ ವಾದಿಸುವವರು ಇನ್ನೊಂದು ವರ್ಷ ಕಳೆದರೆ ಸೈನಿಕರು, ಮದ್ದುಗುಂಡು, ಮಿತ್ರರ ನೆರವು ಯಾರ ಕಡೆ ಹೆಚ್ಚುತ್ತವೆ ಎಂಬುದಕ್ಕೆ ಉತ್ತರಿಸಲೇಬೇಕು. 1980ರಲ್ಲಿ ಇರಾಕಿನ ದಾಳಿಗೆ ತುತ್ತಾದ ಇರಾನ್, 1982ರ ಮೇ ತಿಂಗಳಲ್ಲಿ ಖೋರಮ್‌ಶಹರ್ ನಗರವನ್ನು ಮರಳಿ ಗೆದ್ದಿತು. ಅಲ್ಲಿಗೆ ನಿಲ್ಲದೆ ಇರಾಕಿನೊಳಕ್ಕೆ ನುಗ್ಗಿದ ಅದು, ಇನ್ನೂ ಆರು ವರ್ಷ ಕಾದಾಡಿ, 1988ರಲ್ಲಿ ಹೆಚ್ಚುಕಡಿಮೆ ಹಳೆಯ ಗಡಿಗೇ ಒಪ್ಪಿಕೊಂಡಿತು.

ಕೊನೆಯದಾಗಿ, ಶತ್ರುವಿನ ವಶದಲ್ಲಿರುವ ಊರುಗಳ ಜನರನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಗುಂಡು ನಿಂತರೂ ಅವರ ಬಂಧನ, ಗಡೀಪಾರು ನಿಲ್ಲದೆ ಹೋಗಬಹುದು. ಕೈದಿಗಳ ಬಿಡುಗಡೆಗೆ ದಿನಾಂಕವನ್ನೂ ರೆಡ್‌ಕ್ರಾಸ್ ಪ್ರವೇಶಕ್ಕೆ ಅನುಮತಿಯನ್ನೂ ಬರೆಯದ ಕರಡನ್ನು ತಿದ್ದುಪಡಿಗೆ ಹಿಂದಿರುಗಿಸುವುದೇ ಸರಿ.