ಏಣಿಗೆ ಎಟುಕದ ಹಂಚನ್ನು ಒಳಗಿನಿಂದ ಬದಲಿಸಿದ್ದು

ನಮ್ಮದು ತೀರ್ಥಹಳ್ಳಿ ಕಡೆಯ ಹಳೆಯ ಮನೆ, ಮಂಗಳೂರು ಹಂಚಿನ ಮಾಡು. ನಡುಮನೆಯ ಮೇಲೆ ಮುಚ್ಚಿಗೆಯೂ ಅಟ್ಟವೂ ಇವೆ. ಹಿಂಬದಿಯ ಅಡುಗೆಮನೆಯ ಮೇಲೆ ಮಾತ್ರ ಏನೂ ಇಲ್ಲ, ತಲೆಯೆತ್ತಿದರೆ ಹೊಗೆ ಹಿಡಿದು ಕಪ್ಪಾದ ಪಕಾಸಿಗಳು (ನೆತ್ತಿಯಿಂದ ಸೂರಿಗೆ ಇಳಿಯುವ ಮರಗಳು), ಅವುಗಳ ಮೇಲೆ ಅಡ್ಡಕ್ಕೆ ಹೊಡೆದು ಹಂಚು ಕೂರಿಸುವ ರೀಪುಗಳೇ ಕಾಣುತ್ತವೆ. ಕಳೆದ ವರ್ಷ ಮೃಗಶಿರಾ ಮಳೆ ಹಿಡಿದ ಮೂರನೆಯ ದಿನ ಅಲ್ಲಿ ಒಲೆಕಟ್ಟೆಯ ಪಕ್ಕಕ್ಕೆ ಹನಿ ಬೀಳತೊಡಗಿತು. ಸೋರುತ್ತಿದ್ದದ್ದು ಮಾಡಿನ ನಟ್ಟನಡುವೆ. ಹೊರಗಿನಿಂದ ಏಣಿ ಇಡೋಣವೆಂದರೆ ಬಚ್ಚಲುಮನೆಯ ಸಿಮೆಂಟ್ ಶೀಟು ಅಡ್ಡವಾಗುತ್ತದೆ. ಒಳಗಿನಿಂದ ಹತ್ತೋಣವೆಂದರೆ ಕಾಲೂರಲು ಜಾಗವಿಲ್ಲ, ಸುಮಾರು 14 ಅಡಿ ಕೆಳಗೆ ಒಲೆಯಿದೆ.

ಅದರ ಹಿಂದಿನ ವರ್ಷವೂ ಇದೇ ಜಾಗ ಸೋರಿತ್ತು. ಆಗ ಒಬ್ಬರನ್ನು ಕರೆಸಿದ್ದೆ. ಅವರು ಮಾಡಿನ ಮೇಲೆ ನಡೆದುಹೋಗಿ, ಅನುಮಾನ ಬಂದ ಕಡೆಯಲ್ಲೆಲ್ಲ ಸಿಮೆಂಟ್ ಮೆತ್ತಿ, ಬರುವಾಗ ಮೂರು ಹಂಚುಗಳನ್ನು ತುಳಿದು ಒಡೆದು ಇಳಿದಿದ್ದರು. ಹಂಚು ತನ್ನ ಎರಡು ತುದಿಗಳಲ್ಲಿ ಮಾತ್ರ ಆಧಾರದ ಮೇಲೆ ಕೂತಿರುತ್ತದೆ, ನಡುವೆ ಟೊಳ್ಳು. ಕಾಲಿಡುವುದಾದರೆ ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹಾಸಿಕೊಂಡಿರುವ, ಕೆಳಗೆ ರೀಪು ಇರುವ ಗೆರೆಯಲ್ಲೇ ಇಡಬೇಕು. ಪಾಚಿ ಕಟ್ಟಿದ ಮಾಡಿನ ಮೇಲೆ ಆ ಗೆರೆ ಕಾಣುವುದೂ ಕಷ್ಟ, ಕಂಡರೂ ಕಾಲು ನಿಲ್ಲುವುದಿಲ್ಲ. ಹಾಗಾಗಿ ಈ ಸಲ ಮಾಡಿನ ಮೇಲೆ ಯಾರನ್ನೂ ಹತ್ತಿಸುವುದಿಲ್ಲ, ಏನು ಮಾಡುವುದಿದ್ದರೂ ಒಳಗಿನಿಂದಲೇ ಎಂದು ತೀರ್ಮಾನಿಸಿದೆ.

ಮೊದಲ ಕೆಲಸ ನೀರು ಒಳಬರುವ ಜಾಗವನ್ನು ಹುಡುಕುವುದು. ಹನಿ ಬೀಳುವ ಜಾಗಕ್ಕೂ ಅದಕ್ಕೂ ಸಂಬಂಧವೇ ಇರಬೇಕಾಗಿಲ್ಲ. ಒಂದು ರಾತ್ರಿ ಮಳೆ ಜೋರಾಗಿದ್ದಾಗ ಅಟ್ಟದ ಅಂಚಿನಲ್ಲಿ ಕೂತು, ಟಾರ್ಚಿನ ಬೆಳಕನ್ನು ನೇರವಾಗಿ ಹಾಯಿಸದೆ ಹಂಚುಗಳ ಅಡಿಭಾಗಕ್ಕೆ ಓರೆಯಾಗಿ ಹಾಯಿಸಿದೆ. ಹಾಗೆ ಹಾಯಿಸಿದರೆ ಒದ್ದೆಯಾದ ಗೆರೆ ಮಿನುಗುತ್ತದೆ. ನೀರು ಒಂದು ಹಂಚಿನ ಪಕ್ಕದ ಕೂಡಿನಲ್ಲಿ ನುಸುಳಿ, ಅಡಿಯಲ್ಲೇ ಹರಿದು ರೀಪಿಗೆ ತಾಗಿ, ರೀಪಿನಿಂದ ಪಕಾಸಿಗೆ ಇಳಿದು, ಪಕಾಸಿಯ ಗಂಟೊಂದು ಅಡ್ಡ ಸಿಕ್ಕಲ್ಲಿ ತೊಟ್ಟಿಕ್ಕುತ್ತಿತ್ತು. ತೊಟ್ಟಿಕ್ಕುವ ಜಾಗಕ್ಕೂ ನುಸುಳುವ ಜಾಗಕ್ಕೂ ಮೂರು ಸಾಲುಗಳ ಅಂತರ. ಹಿಂದಿನ ವರ್ಷದ ಸಿಮೆಂಟ್ ಹೆಚ್ಚಾಗಿ ತೊಟ್ಟಿಕ್ಕುವ ಜಾಗದ ನೆತ್ತಿಗೇ ಬಿದ್ದಿತ್ತು. ಸೂರಿನಿಂದ ಸಾಲುಗಳನ್ನೂ ಗೋಡೆಯಿಂದ ಪಕಾಸಿಗಳನ್ನೂ ಎಣಿಸಿ ಬರೆದಿಟ್ಟುಕೊಂಡೆ: ಒಂಬತ್ತನೆಯ ಸಾಲು, ಐದನೆಯ ಪಕಾಸಿಯ ಬಲಕ್ಕೆ. ಹಗಲಿನಲ್ಲಿ ನೋಡಿದರೆ ಅಲ್ಲಿ ಬೆಳಕಿನ ಒಂದು ಚುಕ್ಕೆಯೂ ಕಾಣುತ್ತಿರಲಿಲ್ಲ.

ಬದಲಿ ಹಂಚು ಹುಡುಕುವುದು ನಾನೆಣಿಸಿದಷ್ಟು ಸುಲಭವಾಗಲಿಲ್ಲ. ಹೊರನೋಟಕ್ಕೆ ಎಲ್ಲ ಮಂಗಳೂರು ಹಂಚುಗಳೂ ಒಂದೇ, ಸುಮಾರು 16 ಇಂಚು ಉದ್ದ, 10 ಇಂಚು ಅಗಲ. ಆದರೆ ಒಂದೊಂದು ಕಾರ್ಖಾನೆಯ ಅಚ್ಚಿನಲ್ಲಿ ಪಕ್ಕದ ಗಾಡಿಯ (ಪಕ್ಕದ ಹಂಚು ಕೂರುವ, ನೀರು ಹರಿಯುವ ತೋಡಿನ) ಆಳ, ರೀಪಿಗೆ ಸಿಕ್ಕುವ ಮೂಗಿನ ಜಾಗ ಸ್ವಲ್ಪ ಸ್ವಲ್ಪ ಬೇರೆ. ಪೇಟೆಯಿಂದ ತಂದ ಹೊಸ ಹಂಚನ್ನು ನಮ್ಮ ಹಳೆಯ ಹಂಚಿನ ಪಕ್ಕಕ್ಕೆ ಅಂಗಳದಲ್ಲಿಟ್ಟು ಜೋಡಿಸಿದರೆ ಒಂದು ಬೆರಳು ತೂರುವಷ್ಟು ಸಂದು ಉಳಿಯಿತು. ನಮ್ಮ ಹಂಚುಗಳ ಮೇಲೆ ಬಾಸೆಲ್ ಮಿಷನ್ನಿನ ಮುದ್ರೆಯೂ 1865 ಎಂಬ ಇಸವಿಯೂ ಇವೆ. ಮನೆಗೆ ಬಂದ ನೆಂಟರು ಅದನ್ನು ಓದಿ ಮನೆಗೆ ಒಂದೂವರೆ ಶತಮಾನ ವಯಸ್ಸು ಕಟ್ಟಿಬಿಡುತ್ತಾರೆ. ಅದು ಮಂಗಳೂರಿನಲ್ಲಿ ಆ ಮಿಷನ್ನಿನ ಹಂಚಿನ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಕಡೆಗೆ ಅದೇ ಮುದ್ರೆಯ ಹಂಚುಗಳು ನಮ್ಮ ಕೊಟ್ಟಿಗೆಯ ಸೂರಿನಲ್ಲೇ ಸಿಕ್ಕವು. ನಾಲ್ಕನ್ನು ಇಳಿಸಿ, ಒಂದೊಂದನ್ನೂ ಎಡಗೈಯಲ್ಲಿ ತೂಗುಬಿಟ್ಟು ಬೆರಳಗಂಟಿನಿಂದ ಬಡಿದು ನೋಡಿದೆ. ಗಟ್ಟಿ ಹಂಚು ಟಣ್ ಎನ್ನುತ್ತದೆ; ಕಣ್ಣಿಗೆ ಕಾಣದ ಬಿರುಕಿದ್ದರೂ ಸದ್ದು ದಬ್ಬೆಂದು ಸತ್ತುಹೋಗುತ್ತದೆ. ನಾಲ್ಕರಲ್ಲಿ ಎರಡು ಪಾಸಾದವು.

ಆರಿದ್ರಾ ಮಳೆ ಎರಡು ದಿನ ಹೊಳವು ಕೊಟ್ಟಿತು. ಎದುರುಬದುರಿನ ಎರಡು ತೊಲೆಗಳ ಮೇಲೆ ಮೂರು ಗಟ್ಟಿ ಬಿದಿರುಗಳನ್ನು ಅಡ್ಡ ಹಾಕಿ, ಉರುಳದಂತೆ ಹಗ್ಗದಿಂದ ಬಿಗಿದು, ಮೇಲೆ ಎರಡು ಹಲಗೆಗಳನ್ನು ಕಟ್ಟಿದೆ. ನನ್ನ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಬಿದಿರಿಗೆ ಕಟ್ಟದೆ ಬೇರೊಂದು ತೊಲೆಗೆ ಕಟ್ಟಿದೆ. ಬಿದಿರೇ ಜಾರಿದರೆ ಅದಕ್ಕೆ ಕಟ್ಟಿದ ಹಗ್ಗದಿಂದ ಪ್ರಯೋಜನವಿಲ್ಲವಲ್ಲ. ಒಲೆ ಆರಿಸಿಸಿ, ಕೆಳಗೆ ಯಾರೂ ನಿಲ್ಲಬಾರದೆಂದು ಹೇಳಿದೆ. ಅಮ್ಮ ಮಾತ್ರ ಬಾಗಿಲಲ್ಲೇ ನಿಂತು, "ಸಾಕು ಇಳಿಯೋ, ಒಂದು ಬಕೆಟ್ ಇಟ್ಟರಾಯಿತು" ಎನ್ನುತ್ತಲೇ ಇದ್ದರು.

ಹಂಚನ್ನು ಒಳಗಿನಿಂದ ತೆಗೆಯುವಾಗ ಅದರ ತಲೆಯು ಮೇಲಿನ ಸಾಲಿನ ಹಂಚಿನ ಅಡಿಗೆ ಸಿಕ್ಕಿಕೊಂಡಿದೆ ಎಂಬುದನ್ನು ಮರೆಯಬಾರದು. ಮೊದಲು ಮೇಲಿನ ಹಂಚನ್ನು ಅಂಗೈಯಿಂದ ಒತ್ತಿ, ಅದರ ಮೂಗು ರೀಪನ್ನು ಬಿಡುವಷ್ಟು ಎತ್ತಿ, ಮೂರು ಇಂಚು ನೆತ್ತಿಯ ಕಡೆಗೆ ಸರಿಸಿದೆ. ಮತ್ತೆ ಕೆಳಗೆ ಜಾರದಂತೆ ಅಡಿಗೆ ಮರದ ಬೆಣೆ ಕೊಟ್ಟೆ. ಆಮೇಲೆ ಕೆಟ್ಟ ಹಂಚಿನ ತಲೆ ಬಿಡುವಾಯಿತು. ಆದರೆ ಪಕ್ಕದ ಹಂಚಿಗೂ ಅದಕ್ಕೂ ಹಿಂದಿನ ವರ್ಷದ ಸಿಮೆಂಟ್ ಸೇರಿ ಎರಡೂ ಒಂದೇ ಕಲ್ಲಾಗಿದ್ದವು. ಗರಗಸದ ಅಲಗನ್ನು ಸಂದಿನಲ್ಲಿ ತೂರಿಸಿ ಮುಕ್ಕಾಲು ಗಂಟೆ ಕೆರೆದ ಮೇಲೆ ಬಿಟ್ಟುಕೊಂಡಿತು. ಆಮೇಲೆ ಅದನ್ನು ಎತ್ತಿ, ಅಡ್ಡಕ್ಕೆ ತಿರುಗಿಸಿ, ಎರಡು ರೀಪುಗಳ ನಡುವಿನ ಸಂದಿನಲ್ಲಿ ಒಳಗೆ ಎಳೆದುಕೊಂಡೆ.

ಕೈಗೆ ಬಂದ ಹಂಚು ಒಡೆದೇ ಇರಲಿಲ್ಲ. ಪಕ್ಕದ ಏಣು ಎರಡು ಇಂಚಿನಷ್ಟು ಚಕ್ಕೆ ಎದ್ದಿತ್ತು, ಅದು ಮಂಗಗಳ ಕೆಲಸವಿರಬೇಕು. ಅದರ ಮುಂದಿನ ಗಾಡಿಯಲ್ಲಿ ಹಲಸಿನೆಲೆಯ ಪುಡಿ, ಒಣಪಾಚಿ, ಇರುವೆ ತಂದಿಟ್ಟ ಮಣ್ಣು ಸೇರಿ ಗಟ್ಟಿ ಬಿರಡೆಯಂತೆ ಕೂತಿತ್ತು. ನೀರು ಹರಿದುಹೋಗಬೇಕಾದ ದಾರಿ ಕಟ್ಟಿ, ಚಕ್ಕೆ ಎದ್ದ ಕಡೆ ಉಕ್ಕಿ ಒಳಗೆ ಬರುತ್ತಿತ್ತು. ಸಣ್ಣ ಮಳೆಗೆ ಸೋರದೆ ಜಡಿಮಳೆಗೆ ಮಾತ್ರ ಯಾಕೆ ಸೋರುತ್ತಿತ್ತೆಂದು ಆಗ ತಿಳಿಯಿತು. ಕೈಗೆಟುಕಿದ ಅಕ್ಕಪಕ್ಕದ ಹಂಚುಗಳ ಗಾಡಿಗಳನ್ನೂ ತೆಂಗಿನ ಗರಿಯ ಕಡ್ಡಿಯಿಂದ ಕೆರೆದು ತೆಗೆದೆ.

ಕೆಳಗಿನ ರೀಪು ಒಂದು ಗೇಣಿನಷ್ಟು ಮೆತ್ತಗಾಗಿತ್ತು. ಮೊಳೆ ಹೊಡೆದರೆ ಮೇಲಿನ ಸಾಲುಗಳೆಲ್ಲ ಅದುರಿ ಜಾಗ ಬಿಡುತ್ತವೆಂದು, ಎರಡಡಿ ಉದ್ದದ ಹೊಸ ರೀಪನ್ನು ಅದರ ಮಗ್ಗುಲಿಗೆ ಹೊಂದಿಸಿ, ಎರಡು ಕಡೆಯ ಪಕಾಸಿಗಳಿಗೂ ಸ್ಕ್ರೂ ಹಾಕಿ ಬಿಗಿದೆ. ಕೊಟ್ಟಿಗೆಯಿಂದ ತಂದ ಹಂಚನ್ನು, ಕೆಟ್ಟದ್ದನ್ನು ತೆಗೆದ ದಾರಿಯಲ್ಲೇ ಹೊರಗೆ ದಾಟಿಸಿ, ಪಕ್ಕದ ಗಾಡಿಗಳಲ್ಲಿ ಕೂರಿಸಿ, ಮೂಗು ರೀಪಿಗೆ ಸಿಕ್ಕಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿದ ಮೇಲೆ, ಬೆಣೆ ತೆಗೆದು ಮೇಲಿನ ಹಂಚನ್ನು ಕೆಳಗೆ ಬಿಟ್ಟೆ. ಸಿಮೆಂಟ್, ಟಾರು ಯಾವುದನ್ನೂ ಹಚ್ಚಲಿಲ್ಲ.

ಪರೀಕ್ಷೆಗೆ ಮಳೆಯನ್ನು ಕಾಯುವ ಬದಲು ಅಡಿಕೆಗೆ ಕೊಳೆರೋಗದ ಔಷಧಿ ಬೋರ್ಡೋ ದ್ರಾವಣ ಹೊಡೆಯುವ ಪಂಪನ್ನು ಚೆನ್ನಾಗಿ ತೊಳೆದು ಬರಿಯ ನೀರು ತುಂಬಿದೆ. ಅಂಗಳದಿಂದ ನೇರವಾಗಿ ಹಂಚಿಗೆ ಗುರಿಯಿಟ್ಟರೆ ನೀರು ಇಳಿಜಾರಿಗೆ ಎದುರಾಗಿ ನುಗ್ಗಿ, ಸರಿಯಾದ ಹಂಚೂ ಸೋರುತ್ತದೆ; ಆದ್ದರಿಂದ ಮಾಡಿಗಿಂತ ಎತ್ತರಕ್ಕೆ ಹಾರಿಸಿ, ಮಳೆಯಂತೆ ಮೇಲಿನಿಂದ ಬೀಳುವ ಹಾಗೆ ಕಾಲು ಗಂಟೆ ಹೊಡೆದೆವು. ರೀಪು ಒಣಗಿಯೇ ಇತ್ತು. ಆಮೇಲೆ ಪುನರ್ವಸು ಮಳೆ ನಾಲ್ಕು ದಿನ ಬಿಡದೆ ಹೊಡೆದಾಗಲೂ ಅಲ್ಲಿ ಹನಿ ಬೀಳಲಿಲ್ಲ. ಸಿಮೆಂಟ್ ಮೆತ್ತಿದ ಇನ್ನೂ ಆರು ಹಂಚುಗಳು ಅಲ್ಲೇ ಇವೆ. ಅವುಗಳ ಗಾಡಿಗಳನ್ನು ಬಿಡಿಸುವುದು ದೀಪಾವಳಿ ಕಳೆದು ಮಾಡು ಒಣಗಿದ ಮೇಲಿನ ಕೆಲಸವೆಂದು ಬಿದಿರುಗಳನ್ನು ಬಿಚ್ಚದೆ ತೊಲೆಯ ಮೇಲೆಯೇ ಬಿಟ್ಟಿದ್ದೇನೆ.