ದಾರ ಹರಿಯಲಿಲ್ಲ, ಗಂಟು ಜಾರಿತು

ಸೂಳೆಕೆರೆ ಏರಿಯ ಪಕ್ಕ ಗಾಳ ಹಾಕಿ ಕೂತವರ ಬಾಯಲ್ಲಿ ಒಂದೇ ಮಾತು: “ಭಾರೀ ಮೀನಿತ್ತು ಕಣ್ರೀ, ದಾರ ಹರ್ಕೊಂಡು ಹೋತು.” ಮೊನ್ನೆ ಪಕ್ಕದಲ್ಲಿದ್ದ ಹುಡುಗನೂ ಹಾಗೇ ಅಂದ. ಎಲ್ಲಿ ತೋರಿಸಪ್ಪ ಅಂತ ದಾರ ಇಸಿದುಕೊಂಡು ನೋಡಿದೆ. ತುದಿ ಹಂದಿ ಬಾಲದ ಹಾಗೆ ಸುರುಳಿಯಾಗಿತ್ತು. ಉಜ್ಜಿ ಹರಿದಿದ್ದರೆ ತುದಿ ಒರಟಾಗಿ, ನೆಟ್ಟಗೆ ಇರುತ್ತದೆ. ಸುರುಳಿ ಇದ್ದರೆ ಗಂಟು ಜಾರಿ ಬಿಚ್ಚಿಕೊಂಡಿದೆ ಅಂತಲೇ ಲೆಕ್ಕ.

“ಮೂರು ಗಂಟು ಹಾಕಿದ್ದೆ ಅಣ್ಣಾ” ಅಂದ. ಗೋಣಿಚೀಲದ ಬಾಯಿ ಕಟ್ಟುವ ಗಂಟನ್ನು ಮೂರಲ್ಲ, ಮೂವತ್ತು ಹಾಕಿದರೂ ತಂಗೂಸಿ, ಅಂದರೆ ಒಂಟಿ ಎಳೆಯ ನೈಲಾನ್ ದಾರದ ಮೇಲೆ ನಿಲ್ಲುವುದಿಲ್ಲ.

ರೀಲಿನಿಂದ ಬರುವ ಮುಖ್ಯ ದಾರಕ್ಕೂ ಗಾಳಕ್ಕೂ ನಡುವೆ ಒಂದೆರಡು ಅಡಿ ಬೇರೆ ದಾರ ಕಟ್ಟುತ್ತೇವಲ್ಲ, ಅಂಗಡಿಯವರು ಅದಕ್ಕೆ ಲೀಡರ್ ಅನ್ನುತ್ತಾರೆ. ಇದು ಸಾಮಾನ್ಯವಾಗಿ ಮುಖ್ಯ ದಾರಕ್ಕಿಂತ ಒಂದು ಕೈ ಕಡಿಮೆ ಬಲದ್ದಾಗಿರಬೇಕು. ಕಲ್ಲಿಗೆ ಸಿಕ್ಕಿಕೊಂಡರೆ ಗಾಳ ಒಂದೇ ಹೋಗುತ್ತದೆ, ಬೆಂಡು, ಸೀಸ ಎಲ್ಲ ವಾಪಸ್ ಬರುತ್ತವೆ.

ಲೀಡರಿಗೆ ಯಾವ ದಾರ?

ಜಿಲೇಬಿ ಮೀನಿಗೆ 0.20 ಮಿಲಿಮೀಟರ್ ತಂಗೂಸಿ, ರೋಹು, ಕಾಟ್ಲಾಗೆ 0.30. ಸೊಪ್ಪಿನ ಮಧ್ಯೆ ಅಡಗಿ ಕೂರುವ ಕೊರಮೀನಿಗೆ 0.45ಕ್ಕಿಂತ ಕೆಳಗೆ ಇಳಿಯಬೇಡಿ. ಬಾಳೆ ಮೀನಿನ ಬಾಯಿ ತುಂಬ ಸಣ್ಣ ಸಣ್ಣ ಹಲ್ಲು, ಅದು ದಾರವನ್ನು ಅರದ ಹಾಗೆ ಉಜ್ಜುತ್ತದೆ. ಅದಕ್ಕೆ ಮಾತ್ರ 0.60 ತಂಗೂಸಿ ಇಲ್ಲವೇ ಸ್ಟೀಲ್ ತಂತಿ.

ಈಗ ಎಲ್ಲರೂ ಫ್ಲೋರೋಕಾರ್ಬನ್ ದಾರ ಕೇಳುತ್ತಾರೆ. ನೀರಲ್ಲಿ ಕಾಣುವುದೇ ಇಲ್ಲವಂತೆ. ಅರ್ಧ ನಿಜ. ಬೆಳಕು ಬಾಗುವ ಲೆಕ್ಕದಲ್ಲಿ ನೀರು 1.33, ಫ್ಲೋರೋಕಾರ್ಬನ್ 1.42, ನೈಲಾನ್ 1.53ರ ಆಸುಪಾಸು. ಅಂಕಿ ನೀರಿನದಕ್ಕೆ ಹತ್ತಿರವಾದಷ್ಟೂ ದಾರ ಕಡಿಮೆ ಕಾಣುತ್ತದೆ. ಅಂದರೆ ಇದು ನೈಲಾನ್‌ಗಿಂತ ಕಡಿಮೆ ಕಾಣುತ್ತದೆ, ಅಷ್ಟೇ. ಮಳೆಗಾಲದ ಕೆಂಪು ನೀರಿನಲ್ಲಿ ಯಾವ ದಾರವೂ ಕಾಣುವುದಿಲ್ಲ. ಆಗ ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ನಾನು ಅದನ್ನು ಕೊಳ್ಳುವುದು ಬೇರೆ ಕಾರಣಕ್ಕೆ: ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ, ಬೇಗ ಮುಳುಗುತ್ತದೆ. ಹಿರಿಯೂರಿನ ಮಾರಿಕಣಿವೆ ಕಡೆ ಹೋಗುವವರು ಒಂದು ಸುತ್ತು ಇಟ್ಟುಕೊಳ್ಳಿ. ಆ ಜಲಾಶಯ 89 ವರ್ಷದ ಮೇಲೆ 2022ರಲ್ಲಿ ಕೋಡಿ ಬಿತ್ತು. ನೀರು ಏರಿದಾಗ ದಡದ ಜಾಲಿ, ಕಲ್ಲು ಎಲ್ಲ ನೀರೊಳಗೆ. ಅಲ್ಲಿ ಬರೀ ನೈಲಾನ್ ಒಂದೇ ಗಂಟೆಯಲ್ಲಿ ಚಿಂದಿಯಾಗುತ್ತದೆ.

ಮಿಕ್ಕ ಕಡೆ ನನ್ನ ಓಟು ನೈಲಾನ್ ತಂಗೂಸಿಗೇ. ಅಗ್ಗ, ಮೆತ್ತಗೆ, ಗಂಟು ಚೆನ್ನಾಗಿ ಕೂರುತ್ತದೆ, ಮೀನು ಜಗ್ಗಿದಾಗ ಸ್ವಲ್ಪ ಹಿಗ್ಗುತ್ತದೆ. ಆದರೆ ಬಿಸಿಲಿಗೆ ಸಾಯುತ್ತದೆ. ಅಂಗಡಿ ಮುಂದೆ ಮಾಲೆ ಹಾಕಿದ ಹಾಗೆ ತೂಗುಬಿಟ್ಟ ಸುತ್ತು ಬೇಡ, ಒಳಗಿನ ಡಬ್ಬಿಯಿಂದ ತೆಗೆದುಕೊಡಿ ಅಂತ ಕೇಳಿ. ಚೀಟಿಯ ಮೇಲಿನ ನಂಬರನ್ನೂ ಕಣ್ಣು ಮುಚ್ಚಿ ನಂಬಬೇಡಿ. ಒಮ್ಮೆ 0.30 ಅಂತ ಕೊಟ್ಟಿದ್ದನ್ನು ಲೇತ್ ಕೆಲಸದ ಗೆಳೆಯನ ಹತ್ತಿರ ಅಳೆಸಿದೆ, 0.38 ಇತ್ತು. ದಪ್ಪ ಜಾಸ್ತಿ ಕೊಟ್ಟು ‘ನೋಡಿ ಎಷ್ಟು ಗಟ್ಟಿ’ ಅನ್ನುವುದು ಯಾವ ಸೀಮೆ ಗಟ್ಟಿತನ?

ಗಾಳಕ್ಕೆ ಗಂಟು

ಹತ್ತು ಗಂಟು ಕಲಿಯಬೇಡಿ. ಯೂನಿ ಗಂಟು ಒಂದು ಕೈಗೆ ಕೂತರೆ ಸಾಕು.

ದಾರವನ್ನು ಗಾಳದ ಕಣ್ಣಿಗೆ ಪೋಣಿಸಿ ಒಂದು ಗೇಣು ಈಚೆ ಎಳೆಯಿರಿ. ಈಗ ಎರಡು ಎಳೆ ಜೊತೆಜೊತೆಗೆ ಇವೆ. ತುದಿಯನ್ನು ಗಾಳದ ಕಡೆಗೆ ತಿರುಗಿಸಿ, ಎಳೆಗಳ ಪಕ್ಕ ಒಂದು ಕುಣಿಕೆ ಮಾಡಿ. ಅದೇ ತುದಿಯಿಂದ ಎರಡೂ ಎಳೆಯನ್ನು ಸೇರಿಸಿ, ಕುಣಿಕೆಯ ಒಳಗಿನಿಂದ ಹಾಯಿಸುತ್ತಾ ಐದು ಸುತ್ತು ಸುತ್ತಿ. ಹೆಣೆದ ಬ್ರೇಡ್ ದಾರ ಸೋಪಿನಂತೆ ಜಾರುತ್ತದೆ, ಅದಕ್ಕೆ ಎಂಟು ಸುತ್ತು.

ಇಲ್ಲಿಯವರೆಗೆ ಎಲ್ಲರೂ ಸರಿ ಮಾಡುತ್ತಾರೆ. ಕೆಡುವುದು ಇದರ ಮುಂದೆ. ಸುತ್ತಿದ್ದೇ ತಡ, ಗಾಳ ಒಂದು ಕೈಲಿ ಹಿಡಿದು ಇನ್ನೊಂದು ಕೈಲಿ ‘ಟಪ್’ ಅಂತ ಜಗ್ಗುತ್ತಾರೆ. ಒಣ ದಾರ ದಾರಕ್ಕೆ ಉಜ್ಜಿ ಬಿಸಿಯಾಗುತ್ತದೆ, ನೈಲಾನ್ ಸುಡುತ್ತದೆ. ಬೆಳಕಿಗೆ ಹಿಡಿದು ನೋಡಿ. ಗಂಟಿನ ಹತ್ತಿರ ಒಂದಿಂಚು ದಾರ ಬೆಳ್ಳಗಾಗಿ ಗುಂಗುರು ಬಿದ್ದಿರುತ್ತದೆ. ಆ ಗಂಟು ಹಾಕಿದಾಗಲೇ ಸತ್ತಿದೆ.

ಸರಿಯಾದ ಕ್ರಮ ಹೀಗೆ. ಮೊದಲು ಸುತ್ತುಗಳನ್ನು ಬಾಯಲ್ಲಿಟ್ಟು ಎಂಜಲು ಹಚ್ಚಿ, ಅಸಹ್ಯ ಅನ್ನಿಸಿದರೆ ಕುಡಿಯುವ ನೀರಿನಲ್ಲಿ ಅದ್ದಿ. ಗಾಳವನ್ನು ಮಾತ್ರ ಬಾಯ ಹತ್ತಿರ ತರಬೇಡಿ. ಆಮೇಲೆ ಮುಖ್ಯ ಎಳೆಯನ್ನು ಮುಟ್ಟದೆ, ಬರೀ ತುದಿಯನ್ನು ಎಳೆಯಿರಿ. ಸುತ್ತುಗಳು ಒಂದಕ್ಕೊಂದು ಹತ್ತಿರ ಬರುತ್ತವೆ. ಇಲ್ಲಿ ನಿಲ್ಲಿಸಿ ಕಣ್ಣಿಟ್ಟು ನೋಡಿ. ಬುಗುರಿಗೆ ಚಾಟಿ ಸುತ್ತಿದ ಹಾಗೆ ಸಾಲಾಗಿ ಕೂತಿರಬೇಕು. ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿದ್ದರೆ ಅದು ಕೆಳಗಿನದನ್ನು ಕೊಯ್ಯುತ್ತದೆ. ಬೆರಳಿನಿಂದ ಸರಿ ಮಾಡಲು ಹೋಗಬೇಡಿ, ಕತ್ತರಿಸಿ ಮತ್ತೆ ಕಟ್ಟಿ. ಸಾಲು ಸರಿಯಿದ್ದರೆ ಈಗ ಮುಖ್ಯ ಎಳೆಯನ್ನು ನಿಧಾನಕ್ಕೆ ಎಳೆಯಿರಿ. ಗಂಟು ತಾನಾಗಿ ಜಾರಿ ಗಾಳದ ಕಣ್ಣಿಗೆ ಬಂದು ಕೂರುತ್ತದೆ. ಕೊನೆಗೆ ತುದಿಯನ್ನು ಇನ್ನೊಮ್ಮೆ ಹಲ್ಲಿನಿಂದಲ್ಲ, ಇಕ್ಕಳದಿಂದ ಬಿಗಿಮಾಡಿ.

ಎರಡು ಮಿಲಿಮೀಟರ್ ತುದಿ ಬಿಟ್ಟು ಉಗುರು ಕತ್ತರಿಯಿಂದ ಕತ್ತರಿಸಿ. ಬೀಡಿ ತುದಿಯಿಂದ ಸುಟ್ಟು ಗುಂಡಗೆ ಮಾಡುವ ಚಾಳಿ ನಮ್ಮ ಕಡೆ ಬಹಳ. ಆ ಕಾವು ಗಂಟಿಗೂ ತಾಗುತ್ತದೆ. ಗಮ್ ಹನಿ ಬಿಡುವವರೂ ಇದ್ದಾರೆ. ಕೆಟ್ಟ ಗಂಟಿಗೆ ಗಮ್ ಹಾಕಿದರೆ ಅಂಟಿದ ಕೆಟ್ಟ ಗಂಟಾಗುತ್ತದೆ.

ದಾರಕ್ಕೆ ದಾರ

ಎರಡೂ ತಂಗೂಸಿಯಾದರೆ ಸರ್ಜನ್ ಗಂಟು. ಎರಡು ದಾರವನ್ನು ಒಂದು ಗೇಣು ಒಂದರ ಮೇಲೊಂದು ಇಡಿ, ಎರಡನ್ನೂ ಸೇರಿಸಿ ಕುಣಿಕೆ ಮಾಡಿ, ಲೀಡರನ್ನು ಪೂರ್ತಿ ಮತ್ತು ಮುಖ್ಯ ದಾರದ ತುದಿಯನ್ನು ಒಟ್ಟಿಗೆ ಅದರೊಳಗೆ ಎರಡು ಸಲ ತೂರಿಸಿ. ಒದ್ದೆ ಮಾಡಿ, ನಾಲ್ಕೂ ಎಳೆ ಒಟ್ಟಿಗೆ ಎಳೆಯಿರಿ. ಒಂದು ದಪ್ಪ ಒಂದು ಸಣ್ಣ ಇದ್ದರೂ ನಡೆಯುತ್ತದೆ. ಲೀಡರ್ ಪೂರ್ತಿ ತೂರಬೇಕಾದ್ದರಿಂದ ಗಾಳವನ್ನು ಆಮೇಲೆ ಕಟ್ಟಿ. ಮೊದಲೇ ಗಾಳ ಕಟ್ಟಿ ಬೆರಳಿಗೆ ಚುಚ್ಚಿಸಿಕೊಂಡವರಲ್ಲಿ ನಾನೂ ಒಬ್ಬ.

ಬ್ರೇಡಿಗೆ ತಂಗೂಸಿ ಸೇರಿಸಲು ಇದು ಬೇಡ. ಒಂದೊಂದು ದಾರದ ತುದಿಯಿಂದ ಇನ್ನೊಂದು ದಾರದ ಮೇಲೆ ಎದುರುಬದುರು ಯೂನಿ ಹಾಕಿ, ಬ್ರೇಡಿನ ಕಡೆ ಎಂಟು ಸುತ್ತು.

ಪರೀಕ್ಷೆ

ಗಾಳವನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ, ಕೈಗೆ ಟವಲ್ ಸುತ್ತಿಕೊಂಡು ದಾರವನ್ನು ಸಮನಾಗಿ ಎಳೆಯಿರಿ. ಮುಖ ಪಕ್ಕಕ್ಕಿರಲಿ, ಗಾಳ ಚಿಮ್ಮುತ್ತದೆ. ಬಿಚ್ಚಿಕೊಳ್ಳುವ ಗಂಟು ಇಲ್ಲೇ ಬಿಚ್ಚಿಕೊಳ್ಳಲಿ.

ರಾತ್ರಿ ಮನೆಯಲ್ಲೇ ಗಾಳ ಸಮೇತ ಹತ್ತು ಲೀಡರ್ ಕಟ್ಟಿ ಥರ್ಮೋಕೋಲ್ ತುಂಡಿಗೆ ಸುತ್ತಿಟ್ಟುಕೊಳ್ಳಿ, ಇವನ್ನು ಮುಖ್ಯ ದಾರಕ್ಕೆ ಎದುರುಬದುರು ಯೂನಿಯಿಂದ ಸೇರಿಸಿ. ಪ್ಯಾಕೆಟ್ಟಿನಲ್ಲಿ ಕಟ್ಟಿದ್ದೇ ಸಿಗುತ್ತದಲ್ಲ ಅನ್ನುತ್ತೀರಿ, ಅವುಗಳ ಗಾಳ ಒಂದು ವಾರಕ್ಕೆ ತುಕ್ಕು. ಹಾಗೇ, ಕೆರೆಯ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ಕೊಟ್ಟಿರುತ್ತಾರೆ. ಗುತ್ತಿಗೆ ಹಿಡಿದವರನ್ನು ಒಂದು ಮಾತು ಕೇಳಿ ಕೂರಿ.

ಒಂದು ದೊಡ್ಡ ಮೀನು ಬಂದ ಮೇಲೆ ಗಾಳದ ಹತ್ತಿರದ ಒಂದಡಿ ದಾರವನ್ನು ತುಟಿಯ ನಡುವೆ ಎಳೆದು ನೋಡಿ, ಗಾಳ ಬಾಯಿಂದ ದೂರವಿರಲಿ. ಬೆರಳಿಗೆ ತಿಳಿಯದ ತರಚು ತುಟಿಗೆ ತಿಳಿಯುತ್ತದೆ. ಒರಟು ಅನ್ನಿಸಿದರೆ ಆ ಲೀಡರ್ ಮುಗಿಯಿತು, ಹೊಸದು ಕಟ್ಟಿ. ಹಳೆಯದನ್ನು ಅಲ್ಲೇ ಎಸೆಯದೆ ಖಾಲಿ ಬೆಂಕಿಪೊಟ್ಟಣಕ್ಕೆ ಹಾಕಿಕೊಂಡು ಬನ್ನಿ, ಏರಿ ಮೇಲೆ ಓಡಾಡುವ ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.